ಅಕ್ಕೋರ ಸ್ಲೂಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹಡಗಿಗೆ ಒಂದು ಹಕ್ಕಿಯ ಹೆಸರಿತ್ತು ಎಂಬುದು ಖಚಿತ; ಯಾವ ಹಕ್ಕಿ ಎಂಬುದು ಖಚಿತವಲ್ಲ. ನನ್ನ ನೆನಪಿನಲ್ಲಿ ಅದು ಕೊಕ್ಕರೆ. ನನ್ನ ಹಳೆಯ ಸಹೋದ್ಯೋಗಿ ಇಮ್ತಿಯಾಜ್‌ನನ್ನು ಕೇಳಿದರೆ ಗಿಡುಗ ಎನ್ನುತ್ತಾನೆ, ಅದೂ ಪಂಥ ಕಟ್ಟುವ ಧಾಟಿಯಲ್ಲಿ. ಹದಿನೆಂಟನೆಯ ಶತಮಾನದ ಬ್ರಿಟಿಷ್ ನೌಕಾಪಡೆಯಲ್ಲಿ ಹಕ್ಕಿಯ ಹೆಸರಿನ ಹಡಗುಗಳು ಬೇಕಾದಷ್ಟಿದ್ದವು. ಪುಸ್ತಕ ತೆರೆದು ಜಗಳ ಬಗೆಹರಿಸಿಕೊಳ್ಳುವ ದಾರಿಯಿಲ್ಲ. ಇದ್ದ ಒಂದೇ ಆಧಾರ ಆ ಹಡಗಿನ ಬಗ್ಗೆ ಅಕ್ಕೋರು ಸ್ವತಃ ಬರೆದಿದ್ದ ವೆಬ್ ಪುಟ. ಅದಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ ಮುಚ್ಚಿದಾಗ ಪುಟವೂ ಹೋಯಿತು. ಕಳೆದ ತಿಂಗಳು ಅಕ್ಕೋರೂ ಹೋದರು.

ಅವರನ್ನು ನಾವು ಕರೆಯುತ್ತಿದ್ದದ್ದೇ ಅಕ್ಕೋರು ಎಂದು. ಅವರ ಊರು ಹೊನ್ನಾವರ. ಆ ಕಡೆ ಶಾಲೆಯ ಶಿಕ್ಷಕಿಯರನ್ನು ಹಾಗೆ ಕರೆಯುತ್ತಾರೆ. ಅವರು ಅಲ್ಲಿ ಹೈಸ್ಕೂಲಿನ ಹುಡುಗಿಯರಿಗೆ ಗಣಿತ ಕಲಿಸಿ, ಆಮೇಲೆ ಮುಂಬಯಿಯಲ್ಲಿ ಕಂಪ್ಯೂಟರು ಕಲಿತು, ನಾವೆಲ್ಲ ಹುಟ್ಟಿ ಓದು ಮುಗಿಸುವ ಹೊತ್ತಿಗೆ ಕ್ಯಾಲಿಫೋರ್ನಿಯಾ ಸೇರಿದ್ದರು. ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಕಂಪನಿ ಕ್ಯಾಂಪ್‌ಬೆಲ್‌ನಲ್ಲಿತ್ತು, ಒಂದು ಕಾಲದಲ್ಲಿ ಪ್ಲಮ್ ಹಣ್ಣು ಒಣಗಿಸುತ್ತಿದ್ದ ಶೆಡ್ಡಿನಲ್ಲಿ. ಖಾಲಿ ಓಡುವ ಲಾರಿಗಳಿಗೆ ಇಂಟರ್ನೆಟ್ಟಿನಲ್ಲಿ ಸರಕು ಹುಡುಕಿಕೊಡುವುದು ನಮ್ಮ ವ್ಯವಹಾರ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಇಂಥದ್ದಕ್ಕೆಲ್ಲ ಬಂಡವಾಳ ಸಿಗುತ್ತಿತ್ತು. ಮಾಲೀಕ ಇನ್ನೂ ಮೂವತ್ತು ದಾಟದ ಅಮೆರಿಕನ್ ಹುಡುಗ. ಪ್ರೋಗ್ರಾಮು ಬರೆಯುವ ನಮ್ಮ ತಂಡಕ್ಕೆ ಅಕ್ಕೋರು ಮ್ಯಾನೇಜರು. ನಾನು ಅದೇ ತಂಡದಲ್ಲಿ ಮ್ಯಾನ್ಯುಯಲ್ ಬರೆಯುವವಳು.

ನನ್ನ ಸಂದರ್ಶನ ಮಾಡಿದವರು ಅವರೇ. ನಾನು ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡಿದವಳು ಎಂಬುದನ್ನು ಓದಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕನ್ನಡದಲ್ಲೇ ಕೇಳಿದರು: "ಇತಿಹಾಸವಾ? ಹಾಗಾದರೆ ಹೇಳು. ಒಂದು ಯುದ್ಧದ ಹಡಗನ್ನ ಸ್ಲೂಪು ಹೇಳಿ ಎಂತಕ್ಕೆ ಕರೀತಾರೆ?"

ನಾನು ಗಾತ್ರ ಎಂದೆ. ಅಲ್ಲ. ಹಾಯಿಕಂಬ ಎಂದೆ. ಅದೂ ಅಲ್ಲ.

"ಅದರ ಮೇಲೆ ಯಾರು ನಿಂತಿದ್ದಾರೆ ನೋಡಿ ಕರೀತಾರೆ, ಮಾರಾಯ್ತಿ. ಕಮಾಂಡರ್ ನಿಂತ ಅಂದ್ರೆ ಸ್ಲೂಪು. ಪೂರ್ತಿ ಕ್ಯಾಪ್ಟನ್ ಬಂದು ನಿಂತರೆ ಅದೇ ಹಡಗು ಮೇಲಿನ ದರ್ಜೆಗೆ ಹೋಗ್ತದೆ. ಮರ ಅದೇ, ಹಾಯಿ ಅದೇ, ತೋಪೂ ಅದೇ." ಬೆರಳಿನ ಗೆಣ್ಣಿನಿಂದ ಮೇಜಿಗೆ ಎರಡು ಸಲ ಬಡಿದರು. "ಇಲ್ಲಿ ನಾನು ಕಮಾಂಡರ್. ಮರ್ಯಾದೆಗೆ ಕ್ಯಾಪ್ಟನ್ ಅಂದರೆ ಬೇಡ ಹೇಳೋದಿಲ್ಲ. ಸೋಮವಾರ ಬಾ."

ಮುಂದೆ ಓದಿದಾಗ ಈ ಮಾತು ಬಹುಮಟ್ಟಿಗೆ ಸರಿ ಎಂದು ತಿಳಿಯಿತು. ಅವರ ಹೆಚ್ಚಿನ ಮಾತುಗಳ ಹಣೆಬರಹವೇ ಅದು, ಬಹುಮಟ್ಟಿಗೆ ಸರಿ.

ಹಕ್ಕಿಯ ಹೆಸರಿನ ಆ ಸ್ಲೂಪಿನ ಕತೆಯನ್ನು ಅವರು ಹೇಳುತ್ತಿದ್ದದ್ದು ಮನೆಯ ಹೆಣ್ಣುಮಗಳ ಸುದ್ದಿ ಹೇಳುವಂತೆ. ಎಲ್ಲಿ ಹುಟ್ಟಿದಳು, ಎಲ್ಲಿಗೆ ಕೊಟ್ಟರು, ಯಾರ ಕೈಗೆ ಸಿಕ್ಕಿ ಏನೇನು ಪಾಡುಪಟ್ಟಳು. ಇಂಗ್ಲೆಂಡಿನ ಯಾವುದೋ ಸಣ್ಣ ಹೊಳೆಯ ದಂಡೆಯಲ್ಲಿ ಕಟ್ಟಿದ ಹಡಗು. ವರ್ತಕರ ಹಡಗುಗಳ ಹಿಂದೆ ಮುಂದೆ ಓಡಾಡಿ ಕಾಯುವುದು ಮೊದಲ ಕೆಲಸ. ಆಮೇಲೆ ಕಳ್ಳಸಾಗಣೆಯವರನ್ನು ಅಟ್ಟುವುದು, ದೊಡ್ಡವರ ಪತ್ರಗಳನ್ನು ಹೊತ್ತು ಓಡುವುದು. ಒಮ್ಮೆ ಫ್ರೆಂಚರು ಹಿಡಿದರು, ಮತ್ತೆ ಇವರು ಬಿಡಿಸಿಕೊಂಡರು; ಎರಡೂ ಸಲ ಕಾದಾಟಕ್ಕಿಂತ ಮಂಜಿನ ಪಾಲೇ ಹೆಚ್ಚು ಎನ್ನುತ್ತಿದ್ದರು ಅಕ್ಕೋರು. ತಳಕ್ಕೆ ತಾಮ್ರದ ತಗಡು ಹೊಡೆಸಿಕೊಂಡು ನಮ್ಮ ಕಡೆಗೆ ಬಂತು. ಮೈಸೂರಿನ ಜೊತೆ ಯುದ್ಧ ನಡೆದಾಗ ಪಶ್ಚಿಮ ಕರಾವಳಿಯಲ್ಲಿ ಕಾವಲು ತಿರುಗಿತು. ದೊಡ್ಡ ಕಾಳಗ ಒಂದನ್ನೂ ಕಾಣಲಿಲ್ಲ.

"ಅದಕ್ಕೇ ನನಗೆ ಇಷ್ಟ," ಎನ್ನುತ್ತಿದ್ದರು. "ಕಾಳಗ ಮಾಡಿದ ಹಡಗಿನ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ಇದು ಬರೀ ಡ್ಯೂಟಿ ಮಾಡಿದ ಹಡಗು."

ಹೊನ್ನಾವರದ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಜಾಗದಲ್ಲಿ, ಮರಳಿನ ದಿಬ್ಬವಿದೆ. ಇವರ ಸ್ಲೂಪು ಅದರಾಚೆ ಲಂಗರು ಹಾಕಿ ನಿಂತಿತ್ತಂತೆ. ಒಮ್ಮೆ ಒಳಗೆ ಬರಲು ನೋಡಿ ದಿಬ್ಬದಲ್ಲಿ ಸಿಕ್ಕಿಕೊಂಡು, ಭಾರ ಇಳಿಸಲು ಕೆಲವು ತೋಪುಗಳನ್ನು ನೀರಿಗೆ ದೂಡಿ ಪಾರಾಯಿತಂತೆ. ಅಕ್ಕೋರು ಹುಡುಗಿಯಾಗಿದ್ದಾಗ ಅವರ ಊರಿನ ಬಂದರಿನಲ್ಲಿ ಒಂದು ಹಳೆಯ ತೋಪನ್ನು ಬಾಯಿ ಕೆಳಗಾಗಿ ಹುಗಿದು ಅದಕ್ಕೆ ದೋಣಿ ಕಟ್ಟುತ್ತಿದ್ದರು. ಆ ತೋಪು ಈ ಹಡಗಿನದೇ ಎಂದು ಅವರು ನಂಬಿದ್ದರು.

"ಇದಕ್ಕೆ ಆಧಾರ?" ಎಂದು ಕೇಳಿದ್ದೆ. ಇತಿಹಾಸ ಓದಿದವಳಲ್ಲವೇ.

"ಆಧಾರ ಇಲ್ಲ. ನಂಬಿಕೆ ಉಂಟು. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕಲಸೋದಿಲ್ಲ."

ಇದು ಬರೀ ಮಾತಲ್ಲ. ಅವರ ವೆಬ್ ಪುಟದಲ್ಲಿ ಆಧಾರ ಇದ್ದ ವಾಕ್ಯಗಳೆಲ್ಲ ಕಪ್ಪು ಅಕ್ಷರದಲ್ಲಿದ್ದವು, ಅವರು ನಂಬಿದ್ದ ವಾಕ್ಯಗಳೆಲ್ಲ ನೀಲಿಯಲ್ಲಿ. ಆ ಕಾಲದ ವೆಬ್ಬಿನಲ್ಲಿ ನೀಲಿ ಅಕ್ಷರವೆಂದರೆ ಒತ್ತಿದರೆ ಇನ್ನೊಂದು ಪುಟ ತೆರೆಯುತ್ತದೆ ಎಂದರ್ಥ. ಇಂಗ್ಲೆಂಡಿನ ಯಾರೋ ವಯಸ್ಸಾದವರು, ನಿಮ್ಮ ಪುಟದ ಕೊಂಡಿಗಳು ಒಂದೂ ಕೆಲಸ ಮಾಡುತ್ತಿಲ್ಲ, ದಯವಿಟ್ಟು ಸರಿಪಡಿಸಿ ಎಂದು ಬೇಸರದಿಂದ ಈಮೇಲು ಬರೆದರು. ಅಕ್ಕೋರು ಅದನ್ನು ಓದಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. "ಪಾಪ, ನನ್ನ ನಂಬಿಕೆಯನ್ನೆಲ್ಲ ಒತ್ತಿ ಒತ್ತಿ ನೋಡಿದ್ದಾರೆ." ಇಮ್ತಿಯಾಜ್ ಬಣ್ಣ ಬದಲಾಯಿಸಿಕೊಡುತ್ತೇನೆ ಎಂದ. ಅವರು ಒಪ್ಪಲಿಲ್ಲ.

ಇಮ್ತಿಯಾಜ್ ಹುಬ್ಬಳ್ಳಿಯವನು. ನನ್ನ ಪಕ್ಕದ ಕ್ಯೂಬಿಕಲ್ಲು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಅಕ್ಕೋರನ್ನು ಕೆಣಕುವ ಹಕ್ಕು ತಂಡದಲ್ಲಿ ಅವನೊಬ್ಬನಿಗೇ ಇತ್ತು. ಉಳಿದವರು ನಾಲ್ಕೈದು ಜನ, ತೆಲುಗರು, ತಮಿಳರು, ಒಬ್ಬ ಚೀನಾದ ಹುಡುಗ. ಎಲ್ಲರೂ ನಮ್ಮಂತೆಯೇ ಕೆಲಸದ ವೀಸಾದ ಮೇಲೆ ಬಂದವರು.

ಬೆಳಿಗ್ಗೆ ಅಕ್ಕೋರು ಮೀಟಿಂಗು ಕರೆಯುತ್ತಿರಲಿಲ್ಲ. ಒಬ್ಬೊಬ್ಬರ ಮೇಜಿನ ಹತ್ತಿರ ಬಂದು ಗೆಣ್ಣಿನಿಂದ ಬಡಿದು, "ಎಷ್ಟು ನೀರಿದೆ?" ಎಂದು ಕೇಳುತ್ತಿದ್ದರು. ಕೆಲಸ ಎಲ್ಲಿಗೆ ಬಂತು, ಮುಂದೆ ದಾರಿ ಇದೆಯೋ ಇಲ್ಲವೋ ಹೇಳಬೇಕು. ಅಷ್ಟಕ್ಕೇ ಬಿಡುತ್ತಿರಲಿಲ್ಲ. "ಬುಡ ಎಂತದು? ಕೆಸರಾ, ಮರಳಾ, ಕಲ್ಲಾ?" ಮೊದಮೊದಲು ನಮಗೆ ಇದು ಅರ್ಥವಾಗಲಿಲ್ಲ. ಅರ್ಥ ಮಾಡಿಸಲೆಂದೇ ಒಂದು ಶನಿವಾರ ನಮ್ಮನ್ನೆಲ್ಲ ಆಲ್ವಿಸೋಗೆ ಕರೆದುಕೊಂಡು ಹೋದರು. ಕೊಲ್ಲಿಯ ದಕ್ಷಿಣದ ಕೊನೆ ಅದು. ಜವುಗು, ಜೊಂಡು, ಉಪ್ಪಿನ ವಾಸನೆ. ಮೀನು ಹಿಡಿಯುವವರು ಬಳಸುವ ದೊಡ್ಡ ಸೀಸದ ಗುಂಡಿಗೆ ಹಗ್ಗ ಕಟ್ಟಿ, ಹಗ್ಗದುದ್ದಕ್ಕೂ ಹಳೆಯ ಸೀರೆಯ ಚೂರು, ಬೆಲ್ಟಿನ ಚರ್ಮದ ಚೂರು ಸಿಕ್ಕಿಸಿದ್ದರು. ಕೈಗೆ ಬಟ್ಟೆ ಸಿಕ್ಕಿದರೆ ಇಷ್ಟು ಆಳ, ಚರ್ಮ ಸಿಕ್ಕಿದರೆ ಇಷ್ಟು ಎಂದು ಕಣ್ಣು ಬಿಡದೆಯೂ ತಿಳಿಯಬೇಕು. ಸ್ಲೂಪಿನವರು ಗುಂಡಿನ ತಳದ ಕುಳಿಗೆ ಕೊಬ್ಬು ಮೆತ್ತುತ್ತಿದ್ದರಂತೆ, ನೆಲದ ಮಣ್ಣು ಅದಕ್ಕೆ ಅಂಟಿಕೊಂಡು ಮೇಲೆ ಬರಲೆಂದು. ಕೊಬ್ಬು ಮುಟ್ಟಲು ಅಕ್ಕೋರಿಗೆ ಮನಸ್ಸಿಲ್ಲ. ಮನೆಯಿಂದ ತುಪ್ಪ ತಂದಿದ್ದರು.

ಚಳಿಗಾಲವಾಗಿದ್ದರೆ ನಡೆಯುತ್ತಿತ್ತೇನೋ. ಅವತ್ತು ಒಳ್ಳೆಯ ಬಿಸಿಲು. ಇಮ್ತಿಯಾಜ್ ಗುಂಡು ಎಸೆದು ಎಳೆದ. ಮಣ್ಣೂ ಇಲ್ಲ, ತುಪ್ಪವೂ ಇಲ್ಲ.

"ಮೀನಿಗೆ ಒಗ್ಗರಣಿ ಬಿತ್ತು ನೋಡ್ರಿ ಅಕ್ಕೋರ," ಎಂದ.

"ಬಾಯಿ ಮುಚ್ಚು. ನಿನ್ನ ಹಸ್ತ ಬಿಸಿ, ಅದಕ್ಕೆ ಕರಗಿತು."

"ನನ್ನ ಕೈ ಬಿಸಿ ಇದ್ರ ಏನ್ ಮಾಡ್ಲಿರಿ, ನಿಮ್ಮ ಕೈಕೆಳಗ ಕೆಲಸ ಮಾಡಾಕತ್ತೇನಲ್ಲ."

ಕೊನೆಗೆ ತಮಿಳು ಹುಡುಗನೊಬ್ಬ ಬಾಯಲ್ಲಿದ್ದ ಚ್ಯೂಯಿಂಗ್ ಗಮ್ಮು ತೆಗೆದು ಕೊಟ್ಟ. ಅದಕ್ಕೆ ಕಪ್ಪು ಕೆಸರು ಅಂಟಿಕೊಂಡು ಬಂತು. ಅಕ್ಕೋರು ಅದನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ, ನಮಗೆಲ್ಲ ಮೂಸಲು ಕೊಟ್ಟರು. "ನೀರು ಎಷ್ಟು ಹೇಳಿ ಗೊತ್ತಾದರೆ ಸಾಕಾಗೋದಿಲ್ಲ. ಲಂಗರು ಹಿಡೀತದಾ ಇಲ್ಲವಾ ಗೊತ್ತಾಗಬೇಕು. ಮೇಲೆ ನಿಂತು ಎಲ್ಲ ಚೆಂದ ಕಾಣ್ತದೆ." ಆ ಮಾತನ್ನು ಅವರು ಆಲ್ವಿಸೋದಲ್ಲಿ ಹೇಳಿದರೋ, ಆಮೇಲೆ ಆಫೀಸಿನಲ್ಲಿ ಹೇಳಿದರೋ, ಈಗ ಆಣೆ ಮಾಡಲಾರೆ. ಕೆಸರಿನ ವಾಸನೆ ಮಾತ್ರ ಆ ಮಾತಿನ ಜೊತೆಗೇ ಬರುತ್ತದೆ.

ಶುಕ್ರವಾರ ತಂಡಕ್ಕೆಲ್ಲ ಹೊರಗಿನಿಂದ ಊಟ ತರಿಸುತ್ತಿದ್ದರು. ಹೆಚ್ಚಾಗಿ ರಸ್ತೆಯಾಚೆಯ ಮೆಕ್ಸಿಕನ್ ಅಂಗಡಿಯ ಬರಿಟೊ, ಅನ್ನ, ಬೇಯಿಸಿದ ಕಾಳು ತುಂಬಿದ ರೊಟ್ಟಿಯ ಸುರುಳಿ. ತಲೆ ಎಣಿಸಿ, ಅದರ ಮೇಲೆ ಎರಡು ಹೆಚ್ಚು ಹೇಳುತ್ತಿದ್ದರು. ಮನೆಗೆ ಕಟ್ಟಿಕೊಂಡು ಹೋಗುತ್ತಾರೆ ಎಂದು ನಾವು ತಿಳಿದಿದ್ದೆವು. ಅಕ್ಕೋರಿಗೆ ಮದುವೆಯಾಗಿರಲಿಲ್ಲ, ಬೆರ್ರಿಯೆಸಾದಲ್ಲಿ ಒಂದು ಸಣ್ಣ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು. ಕೇಳಿದಾಗ ಗೊತ್ತಾದದ್ದು ಬೇರೆ. ಸ್ಲೂಪಿನ ಕಾಲದಲ್ಲಿ ಪ್ರತಿ ಯುದ್ಧನೌಕೆಯ ಹಾಜರಿಯಲ್ಲೂ ಒಬ್ಬಿಬ್ಬರು ಇಲ್ಲದ ನಾವಿಕರ ಹೆಸರು ಸೇರಿಸುತ್ತಿದ್ದರಂತೆ. ಕಳ್ಳತನವಲ್ಲ, ಸರ್ಕಾರದ್ದೇ ಪದ್ಧತಿ. ಆ ಇಲ್ಲದ ನಾವಿಕರ ಪಾಲು ಸತ್ತವರ ಹೆಂಡತಿಯರಿಗೆ ಹೋಗುತ್ತಿತ್ತು.

"ನಮ್ಮ ಹಡಗಿನಲ್ಲೂ ಇಬ್ಬರು ಇಲ್ಲದವರಿದ್ದಾರೆ," ಎಂದರು ಅಕ್ಕೋರು. "ಅವರ ಪಾಲು ಯಾರಿಗೆ ಬೇಕೋ ಅವರಿಗೆ."

ಮೊದಲು ಅದು ಇಮ್ತಿಯಾಜ್‌ಗೇ ಹೋಗುತ್ತಿತ್ತು. "ಇಲ್ಲದ ಮಂದ್ಯಾಗ ನಂದೂ ಹೆಸರು ಬರಕೊಳ್ರಿ, ಇದ್ದಾಗ ಒಂದು ತಿಂತೇನಿ, ಇಲ್ಲದಾಗ ಎರಡು." ಆದರೆ ಆಸುಪಾಸಿನ ಕಂಪನಿಗಳು ಒಂದೊಂದೇ ಬಾಗಿಲು ಹಾಕತೊಡಗಿದ ಮೇಲೆ, ಶುಕ್ರವಾರ ಮಧ್ಯಾಹ್ನ ಯಾರಾದರೊಬ್ಬರು ನಮ್ಮ ಶೆಡ್ಡಿಗೆ ಬರುತ್ತಿದ್ದರು. ಕೆಲಸ ಹೋದವರು, ಕಾರಿನ ಹಿಂದಿನ ಸೀಟಿನಲ್ಲಿ ಇನ್ನೂ ಆಫೀಸಿನ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡವರು. ಅಕ್ಕೋರು ಅವರನ್ನು ಏನೂ ಕೇಳುತ್ತಿರಲಿಲ್ಲ. ಬರಿಟೊ ಕೊಟ್ಟು, ಡ್ರಾಯರಿನಿಂದ ಮುರುಗಲ ಹಣ್ಣಿನ ಶರಬತ್ತಿನ ಬಾಟಲಿ ತೆಗೆದು ನೀರು ಬೆರೆಸಿ ಕೊಡುತ್ತಿದ್ದರು. ಶರಬತ್ತು ನಮಗೂ ದಿನಾ ಸಿಗುತ್ತಿತ್ತು. ಹಡಗಿನಲ್ಲಿ ಹುಳಿ ಕೊಡದಿದ್ದರೆ ಒಸಡು ಕೊಳೆಯುತ್ತದೆ ಎಂಬುದು ಅವರ ಸಿದ್ಧಾಂತ.

ನಮ್ಮ ಸರದಿ ಬಂತು ಎಂದು ತಿಳಿದದ್ದು ಗಿಡಗಳಿಂದ. ಆಫೀಸಿನ ಗಿಡಗಳೆಲ್ಲ ಬಾಡಿಗೆಯವು. ಒಂದು ಬೆಳಿಗ್ಗೆ ಬಾಡಿಗೆ ಅಂಗಡಿಯ ಇಬ್ಬರು ಬಂದು ಕುಂಡಗಳನ್ನು ಕೈಗಾಡಿಯಲ್ಲಿಟ್ಟು ತೆಗೆದುಕೊಂಡು ಹೋದರು. ಕಾರ್ಪೆಟ್ಟಿನ ಮೇಲೆ ದುಂಡನೆಯ ಕಲೆಗಳು ಉಳಿದವು. ಮಾಲೀಕ ಹುಡುಗ, ಹೊಸ ಗಿಡ ಬರುತ್ತವೆ ಎಂದ. ಅಕ್ಕೋರು ಆ ಕಲೆಗಳ ಪಕ್ಕ ನಿಂತು ಅವನನ್ನೇ ನೋಡಿದರು.

ನಮಗೆ ಭಯವಾಗಿದ್ದು ಕೆಲಸದ ಬಗ್ಗೆ ಮಾತ್ರವಲ್ಲ. ಕೆಲಸದ ವೀಸಾದಲ್ಲಿದ್ದವರಿಗೆ ಕಂಪನಿ ಬಿಟ್ಟ ದಿನವೇ ಈ ದೇಶದಲ್ಲಿರುವ ಹಕ್ಕೂ ಬಿಡುತ್ತಿತ್ತು. ಬಾಗಿಲು ಹಾಕುವ ಮೊದಲೇ ಇನ್ನೊಂದು ಕಂಪನಿ ನಮ್ಮ ಹೆಸರಿನಲ್ಲಿ ಅರ್ಜಿ ಹಾಕಿರಬೇಕು. ಹಾಕಿದ್ದರೆ ಉಳಿದೆವು, ಇಲ್ಲವಾದರೆ ಗಂಟುಮೂಟೆ. ಇಮ್ತಿಯಾಜ್‌ನ ಹೆಂಡತಿ ಶಾಹೀನ್‌ಗೆ ಆಗ ದಿನ ತುಂಬುತ್ತಾ ಬಂದಿತ್ತು. ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅವನು ಆ ವಾರ ಒಂದೂ ತಮಾಷೆ ಮಾಡಲಿಲ್ಲ.

"ಅಕ್ಕೋರ, ಖರೇ ಹೇಳ್ರಿ," ಎಂದ. "ಎಷ್ಟ್ ನೀರೈತಿ?"

"ಕಡಿಮೆ."

"ಬುಡ?"

"ಕಲ್ಲು," ಎಂದರು. "ಹಾಗಾಗಿ ನಾನು ನಿಮ್ಮನ್ನ ದಾಟಿಸ್ತೇನೆ. ಒಬ್ಬೊಬ್ಬರನ್ನಲ್ಲ. ಎಲ್ಲರನ್ನೂ ಒಟ್ಟಿಗೆ."

ಈ ದಾಟಿಸುವ ಮಾತು ಬಂದದ್ದು ಅವರ ಸ್ಲೂಪಿನ ಕತೆಯ ಕೊನೆಯ ಭಾಗದಿಂದ. ಮುಂಬಯಿಯ ಹಡಗುಕಟ್ಟೆಯಲ್ಲಿ ಪರೀಕ್ಷಿಸಿದಾಗ ಸ್ಲೂಪು ರಿಪೇರಿಗೆ ತಕ್ಕುದಲ್ಲ ಎಂದಾಯಿತು. ಅದನ್ನು ಒಬ್ಬ ವರ್ತಕನಿಗೆ ಮಾರಿದರು. ಅವನು ಹೆಸರು ಬದಲಾಯಿಸಿ ಅಕ್ಕಿ ಸಾಗಿಸಿದ. ಅಲ್ಲಿಂದ ಮುಂದೆ ಸುಳಿವಿಲ್ಲ. ಇಂಥ ಹೊತ್ತಿನಲ್ಲಿ ನಾವಿಕರನ್ನು ಸಿಕ್ಕ ಸಿಕ್ಕ ಹಡಗಿಗೆ ಹಂಚಿಬಿಡುವುದು ರೂಢಿ. ಆದರೆ ಈ ಕಮಾಂಡರ್ ದೊಡ್ಡ ಅಧಿಕಾರಿಯ ಬಾಗಿಲಿಗೆ ಹೋಗಿ, ತನ್ನ ಜನರನ್ನು ಒಡೆಯದೆ ಒಂದೇ ಹಡಗಿಗೆ ದಾಟಿಸಬೇಕೆಂದು ಕೇಳಿ ದಾಟಿಸಿದ. ಈ ವಾಕ್ಯ ಕಪ್ಪು ಅಕ್ಷರದಲ್ಲಿತ್ತು, ನನಗೆ ಚೆನ್ನಾಗಿ ನೆನಪಿದೆ.

"ಅವನ ಗತಿ?" ಎಂದು ಹಿಂದೊಮ್ಮೆ ಕೇಳಿದ್ದೆ.

"ಎಂತ ಗತಿ. ಅರ್ಧ ಸಂಬಳ, ದಡದ ಮೇಲೆ ಬದುಕು. ಇನ್ನೊಂದು ಹಡಗು ಕೊಡಲಿಲ್ಲ."

ಆ ವಾರ ಅಕ್ಕೋರು ಎರಡು ಕೆಲಸ ಮಾಡಿದರು. ಒಂದು, ವಾಲ್ನಟ್ ಕ್ರೀಕ್‌ನಲ್ಲಿದ್ದ ನನ್ನ ಭಾವನನ್ನು ನೋಡಲು ಹೋದರು. ಭಾವ ನನ್ನ ಅಕ್ಕನ ಗಂಡ, ಮಂಡ್ಯದವರು. ಅಲ್ಲಿಯ ಒಂದು ವಿಮಾ ಕಂಪನಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದರು. ಹಳೆಯ, ನಿಧಾನದ ಕಂಪನಿ. ತಮ್ಮ ಕೆಲಸವನ್ನೆಲ್ಲ ವೆಬ್ಬಿಗೆ ತರಲು ಅವರಿಗೆ ಜನ ಬೇಕಾಗಿತ್ತು. ಯುಗಾದಿ ಊಟದಲ್ಲಿ ಅಕ್ಕೋರಿಗೆ ಅವರ ಪರಿಚಯ ಮಾಡಿಸಿದವಳು ನಾನೇ. ಆದ್ದರಿಂದ ನಾನೂ ಬರುತ್ತೇನೆ ಎಂದೆ.

"ಬೇಡ. ನೀನು ಬಂದರೆ ನೆಂಟಸ್ತನ ಆಗ್ತದೆ," ಎಂದರು. "ನಾನೊಬ್ಬಳೇ ಹೋದರೆ ಕೆಲಸ. ನಿನ್ನ ಭಾವ ಕಾಫಿಯಾ, ಚಾಯಾ?"

ಕಾಫಿ ಎಂದೆ. ತಮ್ಮ ಹಳೆಯ ಕಾರಿನಲ್ಲಿ, ಫ್ರೀವೇಯ ನಿಧಾನದ ಸಾಲು ಹಿಡಿದು ಅವರು ಹೋಗುವುದನ್ನು ಊಹಿಸಿಕೊಂಡೆ. ಸಂಜೆ ಭಾವ ಫೋನು ಮಾಡಿ ಹೇಳಿದ್ದು ಇಷ್ಟೇ: "ನಿಮ್ ಮೇಡಂ ಬಲು ಘಾಟಿ ಕಣವ್ವ. ಕಾಫಿ ಆರೋದ್ರೊಳಗೆ ಎಲ್ಲಾನೂ ಒಪ್ಪಿಸ್ಬುಟ್ರು. ನಿಮ್ ಗುಂಪು ಪೂರಾ ನಮ್ ಕಡೀಕೆ."

ಎರಡನೆಯದು, ಮಾಲೀಕನ ಜೊತೆಗಿನ ಮಾತು. ಅವನ ಕೋಣೆಗೆ ಗಾಜಿನ ಗೋಡೆ, ನೋಡಬಹುದಿತ್ತು, ಕೇಳಿಸುತ್ತಿರಲಿಲ್ಲ. ಅಕ್ಕೋರು ಕೂರಲಿಲ್ಲ. ಮೇಜಿಗೆ ಎರಡು ಸಲ ಬಡಿದರು. ಅವನು ನಕ್ಕ, ಆಮೇಲೆ ನಗು ನಿಲ್ಲಿಸಿದ, ಆಮೇಲೆ ತಲೆಯಾಡಿಸಿದ. ಹೊರಗೆ ಬಂದು ನಮಗೆ ಹೇಳಿದರು: "ಇವರ ಅರ್ಜಿಗಳೆಲ್ಲ ಹೋಗೋವರೆಗೆ ಬಾಗಿಲು ಹಾಕಬೇಡ ಅಂದೆ. ಅದಕ್ಕೆ ಬದಲು ನಾನು ಕೊನೆ ದಿನದವರೆಗೂ ಇದ್ದು ಇವನ ಸಾಮಾನು, ಪ್ರೋಗ್ರಾಮು ಎಲ್ಲ ಗಿರಾಕಿ ನೋಡಿ ದಾಟಿಸಿ ಕೊಡ್ತೇನೆ. ಒಪ್ಪಿದ್ದಾನೆ."

"ಮತ್ತ ನೀವು?" ಎಂದ ಇಮ್ತಿಯಾಜ್.

"ನನಗೆ ಗ್ರೀನ್ ಕಾರ್ಡ್ ಉಂಟು ಮಾರಾಯ. ನನ್ನನ್ನ ಯಾರು ಓಡಿಸ್ತಾರೆ."

ಎಲ್ಲ ಅವರು ಹೇಳಿದಂತೆಯೇ ಆಯಿತು. ಒಂದು ಸೋಮವಾರ ನಾವೆಲ್ಲ ವಾಲ್ನಟ್ ಕ್ರೀಕ್‌ನ ಬೂದು ಬಣ್ಣದ ಆಫೀಸಿನಲ್ಲಿ, ಅದೇ ಸಾಲಿನಲ್ಲಿ, ಅದೇ ಅಕ್ಕಪಕ್ಕದಲ್ಲಿ ಕೂತಿದ್ದೆವು. ಮೊದಲ ಶುಕ್ರವಾರ ಯಾರೂ ಹೇಳದೆ ಇಮ್ತಿಯಾಜ್ ಎರಡು ಊಟ ಹೆಚ್ಚು ತರಿಸಿದ. ಅವನ ಮಗಳು ಇಲ್ಲೇ ಹುಟ್ಟಿದಳು.

ಅಕ್ಕೋರು ಕ್ಯಾಂಪ್‌ಬೆಲ್‌ನ ಶೆಡ್ಡಿನಲ್ಲಿ ಮೇಜು ಕುರ್ಚಿಗಳು ಹರಾಜಾಗುವವರೆಗೂ ಇದ್ದರು. ಆಮೇಲೆ ಅವರಿಗೆ ಅಂಥ ಕೆಲಸ ಸಿಗಲಿಲ್ಲ. ಆ ವರ್ಷಗಳಲ್ಲಿ ಐವತ್ತು ದಾಟಿದ ಹೆಂಗಸನ್ನು ಮ್ಯಾನೇಜರು ಎಂದು ಕರೆಯುವವರು ಯಾರಿದ್ದರು. ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡತೊಡಗಿದರು. ಮತ್ತೆ ಅಕ್ಕೋರೇ ಆದರು ಎನ್ನಬಹುದು. ಊಟದ ಮೇಜಿನ ಸುತ್ತ ಮಕ್ಕಳು, ಒಬ್ಬೊಬ್ಬರ ಮುಂದೆ ಗೆಣ್ಣಿನ ಬಡಿತ, "ಎಷ್ಟು ನೀರಿದೆ?" ಇಮ್ತಿಯಾಜ್‌ನ ಮಗಳೂ ಅಲ್ಲೇ ಕಲಿತಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತು ಮಾತ್ರ ಇಂಗ್ಲಿಷು. "ಇಟ್ಸ್ ಶಾಲೋ, ಅಕ್ಕೋರ್," ಎನ್ನುತ್ತಿದ್ದಳಂತೆ, ಲೆಕ್ಕ ಬಾರದಿದ್ದಾಗ.

ಅವರು ದುಃಖದಲ್ಲಿದ್ದರು ಎಂದು ನಾನು ಬರೆಯುವುದಿಲ್ಲ. ಭೇಟಿಯಾದಾಗಲೆಲ್ಲ ಅದೇ ಗಟ್ಟಿ ದನಿ, ಅದೇ ಶರಬತ್ತು. ಒಮ್ಮೆ ಮಾತ್ರ ನಮ್ಮ ಹೊಸ ಆಫೀಸಿನ ಕಿಟಕಿ ಯಾವ ದಿಕ್ಕಿಗಿದೆ, ಅಲ್ಲಿಂದ ಬೆಟ್ಟ ಕಾಣುತ್ತದೆಯೇ ಎಂದು ವಿಚಾರಿಸಿದರು. ಕಾಣುತ್ತದೆ ಎಂದೆ. "ಹಾಂ, ಹಾಗೇ ಅಂದುಕೊಂಡಿದ್ದೆ," ಎಂದರು. ನಾನು ಆಗ ಆ ಮಾತನ್ನು ಗಮನಿಸಲಿಲ್ಲ, ಅಥವಾ ಗಮನಿಸಲಿಲ್ಲ ಎಂದು ಈಗ ಅನಿಸುತ್ತಿದೆ. ಡೈರಿಯಲ್ಲಂತೂ ಬರೆದಿಲ್ಲ.

ಕಳೆದ ತಿಂಗಳು ಅವರ ನೆನಪಿಗೆ ಬೆರ್ರಿಯೆಸಾದ ಒಂದು ಸಭಾಂಗಣದಲ್ಲಿ ಎಲ್ಲರೂ ಸೇರಿದ್ದೆವು. ಗಣಿತ ಕಲಿತ ಮಕ್ಕಳು, ಅವರ ತಂದೆತಾಯಂದಿರು, ತಲೆ ನರೆತ ನಮ್ಮ ಹಳೆಯ ತಂಡ. ಇಮ್ತಿಯಾಜ್ ಮಾತಾಡಿದ. "ಎಲ್ಲಾರ್ನೂ ದಾಟಿಸಿ, ತಾವಷ್ಟ ಹಡಗಿನ್ಯಾಗ ಉಳದ್ರು. ಇಳಿಯೋ ಮನಸ್ಸೇ ಇರ್ಲಿಲ್ರಿ ಅವರಿಗೆ. ಕ್ಯಾಪ್ಟನ್ ಅಂದ್ರ ಅವರು." ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ. ಇಷ್ಟು ವರ್ಷ ನಾನೂ ಅವರ ಕತೆಯನ್ನು ಹಾಗೆಯೇ ಹೇಳುತ್ತಾ ಬಂದಿದ್ದೇನೆ. ಹೇಳುವಾಗ ಎಲ್ಲವೂ ಕಪ್ಪು ಅಕ್ಷರದಲ್ಲೇ ಇತ್ತು.

ಮನೆಗೆ ಬರುವ ದಾರಿಯಲ್ಲಿ ಇಮ್ತಿಯಾಜ್‌ಗೆ ಹೇಳಿದೆ, ವಾಲ್ನಟ್ ಕ್ರೀಕ್‌ಗೆ ಹೋಗಿ ಬಂದ ಮೇಲೇ ಅಲ್ಲವೇ ಅವರು ಮಾಲೀಕನ ಕೋಣೆಗೆ ಹೋದದ್ದು ಎಂದು.

"ಇಲ್ಲ ಬಿಡ್ರಿ, ಮಾಲಕ ಮೊದಲ. ಕೊನೀ ತನಕ ಇರ್ತೇನಿ ಅಂತ ಅವಗ ಮಾತು ಕೊಟ್ಟ ಮ್ಯಾಲ ನಿಮ್ಮ ಭಾವನ ಕಡೆ ಹೋದ್ರು."

ಇದು ಕೊಕ್ಕರೆ, ಗಿಡುಗದಂಥ ಜಗಳವಲ್ಲ. ಅವನು ಹೇಳಿದ್ದೇ ಸರಿಯಾದರೆ, ಭಾವನ ಮುಂದೆ ಕೂರುವ ಹೊತ್ತಿಗೆ ಅವರು ಉಳಿಯುವ ಮಾತು ಕೊಟ್ಟಾಗಿತ್ತು. ತಮಗಾಗಿ ಕೇಳುವ ಪ್ರಶ್ನೆಯೇ ಇರಲಿಲ್ಲ. ನನ್ನ ನೆನಪು ಸರಿಯಾದರೆ, ಆ ಕಾಫಿ ಆರುವ ಮೊದಲು ಅವರು ತಮ್ಮನ್ನೂ ಸೇರಿಸಿಕೊಂಡೇ ಕೇಳಿರಬಹುದು. ಇಲ್ಲ ಎನ್ನಿಸಿಕೊಂಡು, ಫ್ರೀವೇಯ ನಿಧಾನದ ಸಾಲಿನಲ್ಲಿ ವಾಪಸು ಬಂದು, ಮಾಲೀಕನ ಮೇಜು ಬಡಿದು, ಆಮೇಲೆ ನಮಗೆ ಗೊತ್ತಾಗದಂತೆ ಗ್ರೀನ್ ಕಾರ್ಡಿನ ಮಾತು ಹೇಳಿರಬಹುದು. ಹಾಗಾಗಿದ್ದರೆ ಅವರು ನಮ್ಮ ಲೆಕ್ಕದಲ್ಲಿ ಸಣ್ಣವರಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಇನ್ನೂ ದೊಡ್ಡವರಾಗುತ್ತಾರೆ. ಆದರೆ ಅದು ಬೇರೆಯೇ ಅಕ್ಕೋರು. ಇಳಿಯುವ ಮನಸ್ಸಿದ್ದೂ ಇಳಿಯಲು ಜಾಗ ಸಿಗದವರು. ಅವರನ್ನು ನಾನು ಇಷ್ಟು ವರ್ಷ ನೋಡೇ ಇಲ್ಲ ಎಂದಾಗುತ್ತದೆ.

ಆ ವಾರದ ಡೈರಿ ತೆಗೆದು ನೋಡಿದೆ. ಗಿಡಗಳ ಬಗ್ಗೆ ಅರ್ಧ ಪುಟವಿದೆ. ಅಕ್ಕೋರ ಬಗ್ಗೆ ಏನೂ ಇಲ್ಲ.

ಕಳೆದ ಭಾನುವಾರ ವಾಲ್ನಟ್ ಕ್ರೀಕ್‌ಗೆ ಹೋದೆ. ಭಾವ ಈಗ ನಿವೃತ್ತರು. ನೆನಪಿನ ಸಭೆಗೂ ಬಂದಿದ್ದರು, ಹಿಂದಿನ ಸಾಲಿನಲ್ಲಿ ಕೂತು ಊಟಕ್ಕೆ ನಿಲ್ಲದೆ ಹೋಗಿದ್ದರು. ಕೆಟ್ಟವರಲ್ಲ. ನನ್ನನ್ನೂ ಇಮ್ತಿಯಾಜ್‌ನನ್ನೂ ಈ ದೇಶದಲ್ಲಿ ಉಳಿಸಿದವರಲ್ಲಿ ಅವರೂ ಒಬ್ಬರು. ಹಿತ್ತಲಿನಲ್ಲಿ ನಿಂಬೆಗಿಡದಿಂದ ಹಣ್ಣು ಕೀಳುತ್ತಿದ್ದರು. ನಾನು ಕೇಳಿದ್ದು ಅವರಿಗೆ ಕೇಳಿಸಿತು. ಕತ್ತರಿ ಹಿಡಿದ ಕೈ ಒಂದು ಗಳಿಗೆ ನಿಂತದ್ದನ್ನು ನಾನು ನೋಡಿದೆ, ಇದರಲ್ಲಿ ನನಗೆ ಸಂಶಯವಿಲ್ಲ. ಆಮೇಲೆ ಅವರು ಚೀಲದ ಬಾಯಿ ಅಗಲ ಮಾಡಿ, "ಹಿಡ್ಕೋ ಅವ್ವ, ತಕ್ಕೊಂಡ್ ಹೋಗು, ಉಪ್ಪಿನಕಾಯಿಗಾಯ್ತದೆ," ಎಂದು ಒಂದೊಂದೇ ಹಣ್ಣು ಹಾಕುತ್ತಾ ಹೋದರು. ಚೀಲ ತುಂಬಿದ ಮೇಲೂ ಹಾಕಿದರು. ಅಕ್ಕ ಒಳಗಿನಿಂದ ಊಟಕ್ಕೆ ಕರೆದಳು. ಊಟ ಮಾಡಿದೆವು. ಹೊರಡುವಾಗ ಕಾರಿನವರೆಗೂ ಬಂದು ಚೀಲವನ್ನು ಸೀಟಿನ ಮೇಲೆ ಅವರೇ ಇಟ್ಟರು. ನಾನು ಕಿಟಕಿ ಇಳಿಸಿ ಮತ್ತೊಮ್ಮೆ ಕೇಳಿದೆ.

"ಭಾವ, ಅವತ್ತು ಅಕ್ಕೋರು ತಮಗೂ ಒಂದು ಕೆಲಸ ಕೇಳಿದ್ರಾ?"